ಆಟದ ಮಕ್ಕಳ ದೇಹಪರೀಕ್ಷೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಶಾಲೆಗಳ ಆಟದ ಪಂದ್ಯಗಳಿಗೆ ಕಾಲ ಕೂಡಿಬರುವುದು ಮಳೆಯ ನಡುವೆಯೇ. ಶಾಲೆ ತೆರೆದು ಎರಡು ಮೂರು ತಿಂಗಳು ಕಳೆಯುವುದರೊಳಗೆ ವಲಯಮಟ್ಟದ ಕೂಟ ಬರುತ್ತದೆ. ಅದರ ಬೆನ್ನಿಗೆ ತಾಲೂಕಿನದು. ಅಲ್ಲಿ ಗೆದ್ದವರಿಗೆ ಜಿಲ್ಲೆಯದು, ವಿಭಾಗದ್ದು, ಕೊನೆಗೆ ರಾಜ್ಯದ್ದು. ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲಿ, ಸಿದ್ದಾಪುರದ ನೆಹರು ಮೈದಾನದಲ್ಲಿ, ಯಲ್ಲಾಪುರದ ಕಾಳಮ್ಮನಗರದ ಬಯಲಿನಲ್ಲಿ ಸುಣ್ಣದ ಗೆರೆಗಳು ಮಳೆಯಲ್ಲಿ ತೊಳೆದುಹೋಗುವುದೂ, ಅವುಗಳನ್ನು ಮತ್ತೆ ಎಳೆಯುವುದೂ ಆ ದಿನಗಳ ಸಾಮಾನ್ಯ ನೋಟ. ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ನೆಗೆತ ಇವೆಲ್ಲ ಕೆಂಪು ಕೆಸರಿನಲ್ಲಿಯೇ ನಡೆಯುತ್ತವೆ. ಮಕ್ಕಳ ಉತ್ಸಾಹಕ್ಕೆ ಮಾತ್ರ ಮಳೆಯ ಅಡ್ಡಿಯಿಲ್ಲ.

ಈ ಮಕ್ಕಳು ಕಣಕ್ಕೆ ಇಳಿಯುವ ಮೊದಲು ಅವರ ವಯಸ್ಸನ್ನು ಕಾಗದಗಳಿಂದ ಗೊತ್ತುಮಾಡಿಕೊಳ್ಳುತ್ತೇವೆ. ಯಾವ ಶಾಲೆ, ಯಾವ ತರಗತಿ ಎಂಬುದಕ್ಕೆ ಮುಖ್ಯೋಪಾಧ್ಯಾಯರ ಸಹಿಯನ್ನು ಕೇಳುತ್ತೇವೆ. ಅವರ ಎದೆಯ ಬಡಿತ ಸರಿಯಾಗಿದೆಯೆ, ರಕ್ತದಲ್ಲಿ ಸತ್ತ್ವವಿದೆಯೆ, ಕಳೆದ ತಿಂಗಳು ಬಂದ ಜ್ವರ ಪೂರ್ತಿಯಾಗಿ ಬಿಟ್ಟಿದೆಯೆ ಎಂಬುದನ್ನೂ ಅಷ್ಟೇ ಎಚ್ಚರದಿಂದ ಕೇಳುತ್ತೇವೆಯೆ? ಶಾಲೆಯ ಪರವಾಗಿ ಆಡುವ ಪ್ರತಿಯೊಂದು ಮಗುವಿಗೂ ಆಟದ ಕಾಲಕ್ಕೆ ಮುಂಚೆ ವೈದ್ಯರ ಪರೀಕ್ಷೆ ಆಗಲೇಬೇಕೆಂಬ ನಿಯಮವಿರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಆದರೆ ನಿಯಮವೆಂದೊಡನೆ ಅದರ ಭಾರ ಯಾರ ಮೇಲೆ ಬೀಳುವುದೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಕುರಿತೇ ಈ ಹೊತ್ತು ಮುಖ್ಯವಾಗಿ ಯೋಚಿಸೋಣ.

ಮೊದಲು ಒಂದು ಆಕ್ಷೇಪಣೆಯನ್ನು ಪರಿಶೀಲಿಸುವುದು ಒಳ್ಳೆಯದು. ಈ ಮೂರು ತಾಲೂಕುಗಳ ಮಕ್ಕಳು ಪಟ್ಟಣದ ಮಕ್ಕಳಂತಲ್ಲ. ಹಳ್ಳ ದಾಟಿ, ಗುಡ್ಡ ಹತ್ತಿ, ಅಡಿಕೆ ತೋಟದ ಏರಿಯ ಮೇಲೆ ನಡೆದು ಶಾಲೆಗೆ ಬರುವವರು. ಇಂಥವರಿಗೆ ಪರೀಕ್ಷೆ ಏಕೆ ಎಂದು ಕೇಳುವವರುಂಟು. ಮಕ್ಕಳ ಕಸುವಿನ ಮಾತು ದಿಟ. ಇಲ್ಲಿಯ ಸಿದ್ದಿ ಜನರ ಓಟದ ಬಲವನ್ನು ಕಂಡು 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೇ ಆ ಸಮುದಾಯದ ಬಾಲಕ ಬಾಲಕಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದದ್ದುಂಟು. ಆದರೆ ಕಸುವು ಬೇರೆ, ಕ್ಷೇಮ ಬೇರೆ. ದೇಹದೊಳಗಿನ ಕೆಲವು ದೋಷಗಳು ನಡಿಗೆಯಲ್ಲಿ ಕಾಣುವುದಿಲ್ಲ, ದುಡಿತದಲ್ಲಿಯೂ ಕಾಣುವುದಿಲ್ಲ. ಉಸಿರು ಕಟ್ಟಿ ಓಡುವಾಗ, ಎದುರಾಳಿಯ ಹಿಡಿತದಿಂದ ಬಿಡಿಸಿಕೊಳ್ಳಲು ಮೈಯೆಲ್ಲ ಬಿಗಿಯುವಾಗ ಮಾತ್ರ ಹೊರಬೀಳುತ್ತವೆ. ಬಲಿಷ್ಠನಾದ ಆಟಗಾರನಲ್ಲಿ ಅವು ಅಡಗಿರುವುದು ಇನ್ನಷ್ಟು ಸುಲಭ. ಏಕೆಂದರೆ ಅವನನ್ನು ಯಾರೂ ಸಂಶಯದಿಂದ ನೋಡುವುದಿಲ್ಲ.

ಫ್ಲೋ ಹೈಮನ್ ಎಂಬ ಅಮೆರಿಕದ ವಾಲಿಬಾಲ್ ಆಟಗಾರ್ತಿಯ ಹೆಸರನ್ನು ಇಲ್ಲಿ ನೆನೆಯಬಹುದು. 1984ರ ಒಲಿಂಪಿಕ್ಸ್‌ನಲ್ಲಿ ಆಕೆಯ ತಂಡಕ್ಕೆ ಬೆಳ್ಳಿಯ ಪದಕ ಬಂದಿತ್ತು. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ಆಕೆ ತೀರಿಕೊಂಡರು. ಮಾರ್ಫನ್ ಎಂಬ ಹುಟ್ಟುದೋಷದಿಂದ ಹೃದಯದಿಂದ ಹೊರಡುವ ಮಹಾಧಮನಿ ದುರ್ಬಲವಾಗಿದ್ದುದು ಆಮೇಲೆ ತಿಳಿಯಿತು. ಎತ್ತರವಾದ ನಿಲುವು, ನೀಳವಾದ ಕೈಬೆರಳುಗಳು ಆ ದೋಷದ ಹೊರಚಿಹ್ನೆಗಳು. ವಾಲಿಬಾಲಿನಲ್ಲಿ ಮೆಚ್ಚುಗೆ ಪಡೆಯುವ ಮೈಕಟ್ಟೂ ಅದೇ ಅಲ್ಲವೆ? ಆಟದ ಕಣ್ಣಿಗೆ ವರವಾಗಿ ಕಂಡದ್ದು ವೈದ್ಯರ ಕಣ್ಣಿಗೆ ಎಚ್ಚರಿಕೆಯಾಗಿ ಕಾಣಬೇಕಾಗಿತ್ತು.

ಇನ್ನು ಶಾಲೆಯ ಮಕ್ಕಳನ್ನು ವೈದ್ಯರು ಪರೀಕ್ಷಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯ ಮಾಡಿದರು. 1909ರಲ್ಲಿ ಬಡೋದೆ ನಗರದ ಶಾಲಾಮಕ್ಕಳಿಗೆ ವೈದ್ಯಪರೀಕ್ಷೆ ನಡೆಯಿತು. ಇಂಡಿಯಾದಲ್ಲಿ ಇಂಥ ಪರೀಕ್ಷೆಗಳಲ್ಲಿ ಇದೇ ಮೊದಲನೆಯದೆನ್ನುತ್ತಾರೆ. ಇಂಗ್ಲೆಂಡಿನಲ್ಲಿಯೂ ಕಡ್ಡಾಯ ವಿದ್ಯೆ ಮೊದಲು ಬಂದು, 1907ರ ಕಾನೂನಿನಿಂದ ಶಾಲೆಗಳ ವೈದ್ಯಪರೀಕ್ಷೆ ಅನಂತರ ಬಂದಿತು. ಈ ಕ್ರಮದಲ್ಲಿ ಒಂದು ನ್ಯಾಯವಿದೆ. ಮಗುವನ್ನು ಶಾಲೆಗೆ ಬಾ ಎಂದು ಕರೆದ ಸರ್ಕಾರಕ್ಕೆ, ಬಂದ ಮಗುವಿನ ಮೈಯನ್ನು ನೋಡಿಕೊಳ್ಳುವ ಹೊಣೆಯೂ ಉಂಟು. ಶಾಲೆಯ ಹೆಸರನ್ನು ಎದೆಯ ಮೇಲೆ ಧರಿಸಿ ಓಡು ಎಂದು ಹೇಳುವವರಿಗೂ ಇದೇ ನ್ಯಾಯ ಅನ್ವಯಿಸಬೇಕು.

ಬಡೋದೆಯ ಮೇಲ್ಪಂಕ್ತಿ ಬಹುಕಾಲ ಒಂಟಿಯಾಗಿಯೇ ಉಳಿಯಿತು. ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1946ರಲ್ಲಿ, ಭೋರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ದೇಶದಲ್ಲಿ ಶಾಲಾ ಆರೋಗ್ಯವ್ಯವಸ್ಥೆಯೆಂಬುದು ಇಲ್ಲವೆನ್ನುವಷ್ಟು ಕಡಮೆಯೆಂದು ಆ ಸಮಿತಿ ಕಂಡಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಏರ್ಪಟ್ಟಿತು. ಈಗ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದುದು 2013ರಲ್ಲಿ. ಇಬ್ಬರು ವೈದ್ಯಾಧಿಕಾರಿಗಳು, ಒಬ್ಬ ದಾದಿ, ಒಬ್ಬ ಔಷಧ ವಿತರಕ ಇವರುಳ್ಳ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕೆಂಬುದು ಅದರ ವಿಧಿ. ಹುಟ್ಟಿನಿಂದ ಬಂದ ಹೃದಯದೋಷ, ಸಂಧಿವಾತ ಜ್ವರದಿಂದಾದ ಹೃದ್ರೋಗ, ರಕ್ತಹೀನತೆ, ದೃಷ್ಟಿದೋಷ, ಶ್ರವಣದೋಷ ಇವೆಲ್ಲ ಅದರ ಪಟ್ಟಿಯಲ್ಲಿವೆ. ದೋಷ ಕಂಡ ಮಗುವಿಗೆ ಮೇಲಿನ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ದೊರಕಬೇಕೆಂಬ ಏರ್ಪಾಡೂ ಇದೆ.

ಹಾಗಾದರೆ ಹೊಸ ನಿಯಮ ಏತಕ್ಕೆ? ಈ ತಂಡವು ಬರುವ ದಿನಕ್ಕೂ ಆಟದ ಕಾಲಕ್ಕೂ ಸಂಬಂಧವಿಲ್ಲದಿರುವುದರಿಂದ. ತಂಡವು ಜನವರಿಯಲ್ಲಿ ಬಂದರೆ ಆಗಸ್ಟಿನ ಓಟಗಾರನಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಅಲ್ಲದೆ ಶಾಲೆಯ ಮಕ್ಕಳನ್ನೆಲ್ಲ ಒಂದೇ ದಿನದಲ್ಲಿ ನೋಡಬೇಕಾದ ವೈದ್ಯರಿಗೆ ಆಟಗಾರರಲ್ಲಿ ಕೇಳತಕ್ಕ ವಿಶೇಷ ಪ್ರಶ್ನೆಗಳಿಗೆ ಬಿಡುವೆಲ್ಲಿ? ಇರುವ ಏರ್ಪಾಡನ್ನು ಜೂನ್ ತಿಂಗಳಿಗೆ ತಂದು, ಆಡುವ ಮಕ್ಕಳಿಗಾಗಿ ಇನ್ನೊಂದು ಹಾಳೆಯನ್ನು ಅದಕ್ಕೆ ಸೇರಿಸಿದರೆ ನಮ್ಮ ಕೆಲಸದ ಅರ್ಧಭಾಗ ಆದಂತೆಯೇ.

ಆ ಹಾಳೆಯಲ್ಲಿ ಏನಿರಬೇಕು? ದೊಡ್ಡ ಯಂತ್ರಗಳಿಗಿಂತ ಮೊದಲು ಸರಿಯಾದ ಪ್ರಶ್ನೆಗಳು ಇರಬೇಕು. ಓಡುವಾಗ ಎಂದಾದರೂ ಎಚ್ಚರ ತಪ್ಪಿ ಬಿದ್ದದ್ದುಂಟೆ? ಎದೆ ನೋವು ಬಂದದ್ದುಂಟೆ? ಜೊತೆಯವರಿಗಿಂತ ಬೇಗನೆ ಏದುಸಿರು ಬರುವುದೆ? ಮನೆತನದಲ್ಲಿ ಯಾರಾದರೂ ಐವತ್ತು ವರ್ಷ ತುಂಬುವ ಮೊದಲೇ ಕಾರಣ ತಿಳಿಯದೆ ಹಠಾತ್ತಾಗಿ ತೀರಿಕೊಂಡದ್ದುಂಟೆ? ಅಮೆರಿಕದ ಹೃದ್ರೋಗತಜ್ಞರ ಸಂಘವು ಇಂಥ ಹದಿನಾಲ್ಕು ಅಂಶಗಳನ್ನು ಗೊತ್ತುಮಾಡಿದೆ. ಅವುಗಳಲ್ಲಿ ಹತ್ತು ಬಾಯಿಮಾತಿನಿಂದ ತಿಳಿಯತಕ್ಕವು. ಉಳಿದ ನಾಲ್ಕಕ್ಕೆ ವೈದ್ಯರ ಕಣ್ಣು, ಕಿವಿ, ಕೈ ಮತ್ತು ರಕ್ತದೊತ್ತಡ ಅಳೆಯುವ ಪಟ್ಟಿ ಇವಿಷ್ಟು ಸಾಕು. ಕೊನೆಯ ಪ್ರಶ್ನೆಗೆ ಉತ್ತರ ಮಗುವಿಗೆ ತಿಳಿದಿರಲಾರದು. ತಾಯಿಗೋ ಅಜ್ಜಿಗೋ ತಿಳಿದಿರುತ್ತದೆ. ಆದಕಾರಣ ಹಾಳೆಯು ಮೊದಲು ಮನೆಗೆ ಹೋಗಬೇಕು, ಅಲ್ಲಿಂದ ವೈದ್ಯರ ಬಳಿಗೆ ಬರಬೇಕು. ಓದು ಬಾರದ ಮನೆಗಳಿಗೆ ಆಶಾ ಕಾರ್ಯಕರ್ತೆ ಹೋಗಿ ಕೇಳಿ ಬರೆದುಕೊಳ್ಳಬಹುದು.

ಇದಾದಮೇಲೆ ಸ್ಟೆತೊಸ್ಕೋಪಿನ ಕೆಲಸ. ಗಂಟಲು ನೋವಿನಿಂದ ಆರಂಭವಾಗಿ, ಕೀಲುಗಳಲ್ಲಿ ಬಾವು ತರಿಸಿ, ಸದ್ದಿಲ್ಲದೆ ಹೃದಯದ ಕವಾಟಗಳನ್ನು ಕೆಡಿಸುವ ಸಂಧಿವಾತ ಜ್ವರವು ಸಾಮಾನ್ಯವಾಗಿ ಬರುವುದು 5ರಿಂದ 15ರ ವಯಸ್ಸಿನಲ್ಲಿ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಮರೆಯಾಗಿದೆ. ನಮ್ಮಲ್ಲಿ ಇನ್ನೂ ಇದೆ. ಕೆಟ್ಟ ಕವಾಟದ ಮರ್ಮರ ಶಬ್ದವನ್ನು ಅನುಭವಿಯಾದ ವೈದ್ಯರು ಕಿವಿಯಿಂದಲೇ ಗುರುತಿಸಬಲ್ಲರು. ಗುರುತಿಸಿದರೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದಿನಿಂದ ರೋಗ ಮರುಕಳಿಸುವುದನ್ನು ತಡೆಯಬಹುದು. ಇಷ್ಟು ಅಗ್ಗವಾದ ಉಪಾಯವಿದ್ದೂ, ಕೇಳುವ ಕಿವಿ ಹತ್ತಿರ ಬಾರದೆ ಒಂದು ಮಗುವಿನ ಹೃದಯ ಹಾಳಾದರೆ ಆ ಹೊಣೆ ಯಾರದು?

ರಕ್ತಹೀನತೆಯ ವಿಚಾರ ಇದಕ್ಕಿಂತಲೂ ವ್ಯಾಪಕವಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ, ಹುಡುಗರಲ್ಲಿ ನೂರಕ್ಕೆ 31 ಮಂದಿ ರಕ್ತಹೀನರು. ಅಂದಮೇಲೆ ಖೋಖೋ ತಂಡದ ಹುಡುಗಿ ಎರಡನೆಯ ಸರದಿಯಲ್ಲಿ ಬಳಲಿ ನಿಂತರೆ ಅದನ್ನು ಅಭ್ಯಾಸದ ಕೊರತೆಯೆಂದು ಗದರಿಸುವುದು ಅನೇಕ ಸಲ ಅನ್ಯಾಯವಾಗುತ್ತದೆ. ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದರೆ ಸಂಗತಿ ತಿಳಿಯುತ್ತದೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನುಂಗದೆ ಬಿಸಾಡಬಾರದೆಂದು ನೂರು ಸಲ ಹೇಳುವುದಕ್ಕಿಂತ, ನಿನ್ನ ಓಟ ಇದರಿಂದ ಚುರುಕಾಗುವುದು ಎಂದು ಒಂದು ಸಲ ತೋರಿಸುವುದು ಮೇಲು.

ಈ ಸೀಮೆಗೇ ವಿಶೇಷವಾದ ಒಂದು ಜ್ವರದ ಮಾತನ್ನೂ ಹೇಳಬೇಕು. ಸಿದ್ದಾಪುರದ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಅರಿಯದವರು ಇಲ್ಲಿಲ್ಲ. 2020ರಲ್ಲಿಯೂ 2024ರಲ್ಲಿಯೂ ಅದು ಸಿದ್ದಾಪುರ ತಾಲೂಕಿನಲ್ಲಿ ಕಾಣಿಸಿಕೊಂಡಿತು. ಚಳಿಗಾಲದಿಂದ ಬೇಸಗೆಯವರೆಗೆ ಉಣ್ಣೆಯ ಕಡಿತದಿಂದ ಬರುವ ಈ ಜ್ವರವು ಬಿಟ್ಟ ಮೇಲೂ ನಿಶ್ಶಕ್ತಿ ಹಲವು ವಾರ ಉಳಿಯಬಹುದು. ಮಳೆಗಾಲದಲ್ಲಿ ಡೆಂಗೆ, ಇಲಿಜ್ವರಗಳ ಸರದಿ. ಜ್ವರವಿರುವಾಗ ಆಡಬಾರದೆಂಬುದು ಎಲ್ಲರಿಗೂ ತಿಳಿದದ್ದು. ವೈರಾಣುಗಳಿಂದ ಬರುವ ಕೆಲವು ಜ್ವರಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲವೆಂಬುದು ಅಷ್ಟಾಗಿ ತಿಳಿದದ್ದಲ್ಲ. ಅಂಥ ಉರಿಯೂತವಾದ ಆಟಗಾರನನ್ನು ಮೂರರಿಂದ ಆರು ತಿಂಗಳು ಸ್ಪರ್ಧೆಯಿಂದ ದೂರವಿಡಬೇಕೆಂದು ತಜ್ಞರು ವಿಧಿಸುತ್ತಾರೆ. ಎಲ್ಲ ಜ್ವರಕ್ಕೂ ಇದು ಬೇಡ. ಆದರೆ ಜ್ವರ ಬಿಟ್ಟ ಮೇಲೆ ಎದೆ ಢವಗುಟ್ಟುವುದು, ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಗುವುದು ಇಂಥ ಲಕ್ಷಣಗಳು ಇದ್ದರೆ ವೈದ್ಯರು ನೋಡದೆ ಮಗುವನ್ನು ಕಣಕ್ಕೆ ಇಳಿಸಲಾಗದು. ಆದುದರಿಂದ ಜೂನಿನ ಪರೀಕ್ಷೆಯೊಂದರಿಂದಲೇ ಕೆಲಸ ಮುಗಿಯಲಿಲ್ಲ. ನಡುವೆ ಕಾಯಿಲೆ ಬಿದ್ದವರನ್ನು ಮತ್ತೊಮ್ಮೆ ನೋಡುವ ಪದ್ಧತಿಯೂ ಇರಬೇಕು.

ಉಬ್ಬಸ, ಮೂರ್ಛೆ, ದೃಷ್ಟಿದೋಷಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಉಬ್ಬಸವಿರುವ ಮಗು ಇನ್‌ಹೇಲರನ್ನು ಜೇಬಿನಲ್ಲಿಟ್ಟುಕೊಂಡು ಆಡಬಹುದು. ಮೂರ್ಛೆರೋಗವು ಔಷಧದಿಂದ ಹತೋಟಿಯಲ್ಲಿರುವ ಮಗುವಿಗೆ ಬಹುಪಾಲು ಆಟಗಳು ನಿಷಿದ್ಧವಲ್ಲ. ಒಂಟಿಯಾಗಿ ಈಜುವುದು, ಎತ್ತರಕ್ಕೆ ಏರುವುದು ಮಾತ್ರ ಬೇಡ. ಕನ್ನಡಕ ಬೇಕಾದ ಹುಡುಗನಿಗೆ ಕನ್ನಡಕ ಕೊಟ್ಟರೆ ಚೆಂಡು ಕಾಣುತ್ತದೆ. ಕೆಂಪುಕಲ್ಲಿನ ನೆಲದಲ್ಲಿ ಮೊಣಕಾಲು ತರಚುವುದು ತಪ್ಪದು. ಆದ್ದರಿಂದ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಧನುರ್ವಾಯು ನಿರೋಧಕ ಚುಚ್ಚುಮದ್ದು ಆಗಿದೆಯೆ ಎಂಬುದನ್ನು ಅದೇ ಹಾಳೆಯಲ್ಲಿ ನೋಡಬೇಕು.

ಕುಡುಗೋಲು ಕಣದ ರಕ್ತದೋಷವನ್ನು ಕುರಿತು ಸ್ವಲ್ಪ ನಿಧಾನವಾಗಿ ಮಾತನಾಡಬೇಕು. ಇದು ಆಫ್ರಿಕ ಮೂಲದ ಜನರಲ್ಲಿಯೂ ಭಾರತದ ಅನೇಕ ಆದಿವಾಸಿ ಸಮುದಾಯಗಳಲ್ಲಿಯೂ ಕಾಣುವಂಥದು. ಇದನ್ನು ನಿರ್ಮೂಲ ಮಾಡುವ ಉದ್ದೇಶದಿಂದ 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದ ಮಗು ರೋಗಿಯಲ್ಲ. ದಿನದ ಬಾಳಿನಲ್ಲಿ ಅದಕ್ಕೆ ಯಾವ ತೊಂದರೆಯೂ ಕಾಣದು. ಬಿಸಿಲಿನಲ್ಲಿ, ನೀರಿಲ್ಲದೆ, ಬಿಡುವಿಲ್ಲದೆ ಮಿತಿಮೀರಿ ಓಡಿಸಿದರೆ ಮಾತ್ರ ಅಪಾಯ ಸಂಭವಿಸಬಹುದು. ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ 2010ರಿಂದ ಈ ಪರೀಕ್ಷೆ ನಡೆಯುತ್ತಿದೆ. ಗುಣವಿದ್ದವರನ್ನು ಆಟದಿಂದ ತೆಗೆಯುವುದಿಲ್ಲ, ನೀರು, ನೆರಳು, ವಿರಾಮಗಳನ್ನು ಒದಗಿಸುತ್ತಾರೆ. ನೀರು, ವಿರಾಮಗಳು ಬೇಡವಾದ ಮಗು ಯಾವುದು? ಈ ಎಚ್ಚರಿಕೆಯನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿದರೆ ಯಾರನ್ನೂ ಬೆರಳಿಟ್ಟು ತೋರಿಸುವ ಪ್ರಮೇಯವಿಲ್ಲ. ಮಂಚಿಕೇರಿಯ ಕಡೆಯ ಸಿದ್ದಿ ಹುಡುಗನನ್ನಾಗಲಿ, ಬೇರೆ ಯಾವ ಸಮುದಾಯದ ಹುಡುಗಿಯನ್ನಾಗಲಿ ಜಾತಿಯ ಹೆಸರಿನಿಂದ ಪ್ರತ್ಯೇಕಿಸಿ ಪರೀಕ್ಷೆಗೆ ನಿಲ್ಲಿಸುವುದು ವೈದ್ಯವೂ ಅಲ್ಲ, ಧರ್ಮವೂ ಅಲ್ಲ.

ಎಲ್ಲ ಆಟಗಾರರಿಗೂ ಹೃದಯದ ವಿದ್ಯುಲ್ಲೇಖ, ಅಂದರೆ ಇ.ಸಿ.ಜಿ., ತೆಗೆಯಬೇಕೆ ಎಂಬ ಪ್ರಶ್ನೆಗೆ ಲೋಕದಲ್ಲಿ ಒಮ್ಮತವಿಲ್ಲ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬರಿಗೂ ಇದು ಕಡ್ಡಾಯ. ಅಲ್ಲಿಯ ವೆನೆತೊ ಪ್ರಾಂತದಲ್ಲಿ ಯುವ ಆಟಗಾರರ ಹಠಾತ್ ಹೃದಯಮರಣವು 1979-80ರಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಷ್ಟು ಇದ್ದದ್ದು 2003-04ರ ವೇಳೆಗೆ 0.4ಕ್ಕೆ ಇಳಿಯಿತು. ಜಪಾನಿನಲ್ಲಿ 1973ರಿಂದಲೇ ಶಾಲಾಮಕ್ಕಳ ಹೃದಯಪರೀಕ್ಷೆ ಕಾನೂನಿನಿಂದ ನಡೆಯುತ್ತಿದೆ. ಇಸ್ರೇಲ್ ದೇಶವು 1997ರಲ್ಲಿ ಇಂಥದೇ ಕಾನೂನನ್ನು ಮಾಡಿತು. ಆದರೆ ಕಾನೂನಿಗೆ ಮೊದಲಿನ ಹನ್ನೆರಡು ವರ್ಷಗಳನ್ನೂ ಅನಂತರದ ಹನ್ನೆರಡು ವರ್ಷಗಳನ್ನೂ ಹೋಲಿಸಿದಾಗ ಮರಣಗಳು ಕಡಮೆಯಾದಂತೆ ಕಾಣಲಿಲ್ಲ. ಅಮೆರಿಕದವರು ಪ್ರಶ್ನೆಗಳಿಗೂ ವೈದ್ಯರ ಕೈಪರೀಕ್ಷೆಗೂ ನಿಂತಿದ್ದಾರೆ, ಇ.ಸಿ.ಜಿ.ಯನ್ನು ಎಲ್ಲರಿಗೂ ವಿಧಿಸಿಲ್ಲ. ಆಟಗಾರರ ಹೃದಯ ಅಭ್ಯಾಸಬಲದಿಂದ ಬೇರೆಯವರದಕ್ಕಿಂತ ಸ್ವಲ್ಪ ಭಿನ್ನವಾಗಿರುವುದುಂಟು. ಅದನ್ನು ಓದಬಲ್ಲವರು ಓದದಿದ್ದರೆ ಆರೋಗ್ಯವಂತನೇ ರೋಗಿಯೆನಿಸಿಕೊಂಡಾನು.

ನಮ್ಮ ಮೂರು ತಾಲೂಕುಗಳಿಗೆ ನಡುದಾರಿಯೇ ಹಿತವೆಂದು ತೋರುತ್ತದೆ. ಎಲ್ಲರಿಗೂ ಪ್ರಶ್ನೆ, ಎಲ್ಲರಿಗೂ ಕೈಪರೀಕ್ಷೆ. ಸಂಶಯ ಬಂದವರಿಗೆ ಇ.ಸಿ.ಜಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿಯೇ ಹಠಾತ್ತಾಗಿ ತೀರಿಕೊಂಡಾಗ ನಾಡು ಬೆಚ್ಚಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಸಾಲುಗಟ್ಟಿ ನಿಂತರು. 2025ರ ಜುಲೈಯಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗಲೂ ಹೀಗೆಯೇ ಆಯಿತು. ಭಯದಿಂದ ಒಂದು ವಾರ ಓಡುವುದಕ್ಕಿಂತ ಕ್ರಮದಿಂದ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದರಲ್ಲಿ ಫಲ ಹೆಚ್ಚು. ಆ ನಟರ ಹೆಸರಿನಲ್ಲಿ ರಾಜ್ಯ ಸರ್ಕಾರವು ನಡೆಸುತ್ತಿರುವ ಹೃದಯಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಓದಿ ಹೇಳುವ ಅನುಕೂಲವಾಗಿದೆ. ಎದೆನೋವಿನಿಂದ ಬಂದ ದೊಡ್ಡವರಿಗಾಗಿ ಹಾಕಿದ ಈ ದಾರಿಯನ್ನು ಸಂಶಯಕ್ಕೊಳಗಾದ ಮಕ್ಕಳಿಗೂ ತೆರೆಯುವುದು ಅಸಾಧ್ಯವೇನಲ್ಲ.

ಪರೀಕ್ಷೆಯೊಂದೇ ಸಾಲದೆಂಬುದನ್ನೂ ಮರೆಯಬಾರದು. ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಎಂಬ ಫುಟ್‌ಬಾಲ್ ಆಟಗಾರನು ಇಟಲಿಯ ತಂಡವೊಂದರಲ್ಲಿ ಆಡುತ್ತಿದ್ದನು. ಅಲ್ಲಿಯ ಕಟ್ಟುನಿಟ್ಟಾದ ಪರೀಕ್ಷೆಗಳನ್ನು ಹಾದುಬಂದವನು. ಆದರೂ 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಅವನ ಹೃದಯ ನಿಂತಿತು. ಅವನನ್ನು ಬದುಕಿಸಿದ್ದು ಅಲ್ಲಿದ್ದವರು ಕೂಡಲೆ ಎದೆಯೊತ್ತಿದ್ದು, ವಿದ್ಯುದಾಘಾತದ ಯಂತ್ರ ಹತ್ತಿರವೇ ಇದ್ದದ್ದು. ಹೃದಯ ನಿಂತ ಮೇಲೆ ನೆರವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಯೆಂದು ವೈದ್ಯರು ಹೇಳುತ್ತಾರೆ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರು, ಶಿರಸಿಯಿಂದ ಸುಮಾರು 100. ಕಾರವಾರಕ್ಕೆ ಹೋಗಬೇಕಾದರೆ ಘಟ್ಟವನ್ನೇ ಇಳಿಯಬೇಕು. ಜಿಲ್ಲೆಗೊಂದು ಸುಸಜ್ಜಿತ ತುರ್ತುಚಿಕಿತ್ಸಾ ಆಸ್ಪತ್ರೆ ಬೇಕೆಂದು 2019ರಿಂದ ಇಲ್ಲಿಯ ಜನ ಕೂಗಿ ಹೇಳಿರುವುದು ಸುಮ್ಮನೆಯಲ್ಲ. ಆ ಆಸ್ಪತ್ರೆ ಬರುವ ತನಕ, ಬಂದ ಮೇಲೂ, ಮೊದಲ ಐದು ನಿಮಿಷಗಳ ವೈದ್ಯನು ಮೈದಾನದಲ್ಲಿರುವ ವ್ಯಾಯಾಮ ಉಪಾಧ್ಯಾಯನೇ. ಎದೆಯ ನಡುವೆ ಎರಡೂ ಕೈಗಳಿಂದ, ಸುಮಾರು ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವ ವಿದ್ಯೆಯನ್ನು ಕಲಿಯಲು ಅರ್ಧ ದಿನ ಸಾಕು. ತಾಲೂಕುಮಟ್ಟದ ಕೂಟಕ್ಕೆ ಆಂಬುಲೆನ್ಸೂ ಆ ಯಂತ್ರವೂ ಬಾರದೆ ಮೊದಲ ಸೀಟಿ ಊದಬಾರದು.

ಇನ್ನು ನಿಯಮದ ಭಾರದ ಮಾತಿಗೆ ಬರೋಣ. ವೈದ್ಯರ ಪತ್ರ ತಾರದ ಮಗು ಆಡಕೂಡದು ಎಂದು ಒಂದು ಸಾಲಿನ ಆಜ್ಞೆ ಹೊರಡಿಸಿಬಿಡುವುದು ಸುಲಭ. ಅದರ ಫಲವೇನಾದೀತೆಂದು ಊಹಿಸಿ ನೋಡಿ. ಕಾಡಿನೊಳಗಿನ ಒಂದು ಮಜಿರೆಯ ಕೂಲಿಕಾರ ತಂದೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಕೊಟ್ಟು, ಮಗಳನ್ನು ತಾಲೂಕಿನ ಊರಿಗೆ ಕರೆತಂದು, ಸಾಲಿನಲ್ಲಿ ನಿಂತು ಪತ್ರ ಪಡೆಯಬೇಕು. ಅಷ್ಟೆಲ್ಲ ಏಕೆ, ಆಟವೇ ಬೇಡ ಎಂದು ಅವನು ಹೇಳಿದರೆ ತಪ್ಪು ಅವನದಲ್ಲ. ಹೆಣ್ಣುಮಗುವಾದರೆ ಆ ಮಾತು ಇನ್ನೂ ಬೇಗನೆ ಹೊರಡುತ್ತದೆ. ಉಳ್ಳವರ ಮಕ್ಕಳು ನೋಡದೆ ಬರೆದ ಪತ್ರವನ್ನು ಕೊಂಡು ತರುತ್ತಾರೆ. ಹೀಗೆ ಬಡಮಗು ಆಟವನ್ನು ಕಳೆದುಕೊಳ್ಳುತ್ತದೆ, ಸಿರಿವಂತ ಮಗು ಕ್ಷೇಮವನ್ನು ಕಳೆದುಕೊಳ್ಳುತ್ತದೆ. ಆಜ್ಞೆ ಮಾತ್ರ ಕಡತದಲ್ಲಿ ಭದ್ರವಾಗಿರುತ್ತದೆ.

ಆದುದರಿಂದ ಕಡ್ಡಾಯವೆಂಬುದು ಇಲಾಖೆಗಳ ಮೇಲೆ ಬೀಳತಕ್ಕದ್ದು. ಪರೀಕ್ಷೆಯು ಶಾಲೆಯಲ್ಲಿಯೇ, ಶಾಲೆಯ ವೇಳೆಯಲ್ಲಿಯೇ, ಒಂದು ಕಾಸಿನ ಖರ್ಚಿಲ್ಲದೆ ಆಗಬೇಕು. ಮುಂಡಗೋಡ, ಹಳಿಯಾಳ, ಜೋಯಿಡಾಗಳೊಡನೆ ಈ ಮೂರು ತಾಲೂಕುಗಳೂ ಸೇರಿ ಶಿರಸಿ ಶೈಕ್ಷಣಿಕ ಜಿಲ್ಲೆಯೆನಿಸಿಕೊಂಡಿರುವುದರಿಂದ ಒಂದೇ ಕಚೇರಿಯಿಂದ ಏರ್ಪಾಡು ಸಾಧ್ಯ. ಶಾಲೆ ತೆರೆದ ಮೊದಲ ತಿಂಗಳಲ್ಲಿ ಪ್ರತಿ ಶಾಲೆಯೂ ಆಟಗಾರರ ಪಟ್ಟಿಯನ್ನು ಕೊಡಲಿ. ಸಂಚಾರಿ ತಂಡ ಆ ಪಟ್ಟಿಯಂತೆ ಬರಲಿ. ಸಂಶಯಕ್ಕೊಳಗಾದವರಿಗೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಾಗಲಿ ಆಯಾ ತಾಲೂಕು ಆಸ್ಪತ್ರೆಯಲ್ಲಾಗಲಿ ಒಂದು ದಿನ ಗೊತ್ತುಮಾಡಲಿ. ಅಲ್ಲಿಗೆ ಕರೆದೊಯ್ಯುವ ವಾಹನದ ವೆಚ್ಚ ಸರ್ಕಾರದ್ದಿರಲಿ. ಹೆಣ್ಣುಮಕ್ಕಳನ್ನು ನೋಡುವಾಗ ವೈದ್ಯೆಯೋ ದಾದಿಯೋ ಇರಲೇಬೇಕು. ಪರೀಕ್ಷೆಯಲ್ಲಿ ತಿಳಿದ ವಿಷಯ ಮಗುವಿನದು, ತಂದೆತಾಯಿಗಳದು. ಅದು ಸೂಚನಾಫಲಕದ ಮೇಲೆ ಬರಬಾರದು, ತರಗತಿಯ ಹಾಸ್ಯಕ್ಕೂ ಸಿಕ್ಕಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಅನರ್ಹ ಎಂಬ ಒಂದೇ ಶಬ್ದವನ್ನು ಬರೆದು ಮಗುವನ್ನು ಮನೆಗೆ ಕಳುಹಿಸುವ ಹಕ್ಕು ಯಾರಿಗೂ ಇರಬಾರದು. ವೈದ್ಯರು ಆ ಶಬ್ದದ ಕೆಳಗೆ ಮೂರು ಸಂಗತಿಗಳನ್ನು ಬರೆಯತಕ್ಕದ್ದು: ಎಷ್ಟು ಕಾಲ ಆಡಬಾರದು, ಅಷ್ಟರಲ್ಲಿ ಯಾವ ಚಿಕಿತ್ಸೆ ಆಗಬೇಕು, ಈಗಲೇ ಆಡಬಹುದಾದ ಬೇರೆ ಆಟ ಯಾವುದು. ಓಡಲಾರದ ಮಗು ಬಿಲ್ಲು ಹಿಡಿಯಬಹುದು, ಚದುರಂಗ ಆಡಬಹುದು, ಅಂಕ ಬರೆಯಬಹುದು, ತಂಡದ ಜೊತೆ ಬಸ್ಸಿನಲ್ಲಿ ಹಾಡುತ್ತ ಹೋಗಬಹುದು. ಎರಿಕ್ಸನ್ನನ ಕಥೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಎದೆಯೊಳಗೆ ಯಂತ್ರವಿಟ್ಟುಕೊಂಡವನಿಗೆ ಇಟಲಿಯ ನಿಯಮ ಆಟಕ್ಕೆ ಅವಕಾಶ ಕೊಡಲಿಲ್ಲ. ಇಂಗ್ಲೆಂಡಿನ ತಂಡವೊಂದು 2022ರಲ್ಲಿ ಅವನನ್ನು ಸೇರಿಸಿಕೊಂಡಿತು. ಅವನು ಮತ್ತೆ ಆಡಿದನು. ಯಾವ ನಿಯಮ ಮೇಲೆಂಬುದನ್ನು ತಜ್ಞರು ಚರ್ಚಿಸಲಿ. ಒಂದು ವೇಳೆ ಬಾಗಿಲು ಮುಚ್ಚಬೇಕಾಗಿ ಬಂದರೂ ಇನ್ನೊಂದು ಬಾಗಿಲನ್ನು ಹುಡುಕಿ ತೋರಿಸುವ ತನಕ ವೈದ್ಯರ ಕೆಲಸ ಮುಗಿಯಲಿಲ್ಲವೆಂಬಷ್ಟನ್ನು ನಾವು ಹೇಳಬಹುದು.

ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ಒಂದು ಬಿನ್ನಹ. ಮಗು ತನಗೆ ಎದೆ ನೋಯುತ್ತದೆ, ತಲೆ ಸುತ್ತುತ್ತದೆ ಎಂದು ಹೇಳಿದಾಗ ಅದನ್ನು ಸೋಮಾರಿತನವೆಂದು ತಳ್ಳಿಹಾಕಬೇಡಿ. ತಂಡದಿಂದ ತೆಗೆದುಬಿಡುತ್ತಾರೆಂಬ ಹೆದರಿಕೆಯಿಂದ ನೋವನ್ನು ನುಂಗಿಕೊಳ್ಳುವ ಮಕ್ಕಳೇ ಹೆಚ್ಚು. ಬಾಯಿ ಬಿಟ್ಟು ಹೇಳಿದ ಮಗು ಧೈರ್ಯ ಮಾಡಿಯೇ ಹೇಳಿದೆ. ಆ ಮಾತಿಗೆ ಬೆಲೆ ಕೊಡುವ ಶಾಲೆಯಲ್ಲಿ ಮಾತ್ರ ಹಾಳೆಯ ಪ್ರಶ್ನೆಗಳಿಗೆ ನಿಜವಾದ ಉತ್ತರ ಬರುತ್ತದೆ. ಉತ್ತರವೇ ಸುಳ್ಳಾದರೆ ಯಾವ ಯಂತ್ರವೂ ನೆರವಾಗದು.

ಮುಂದಿನ ಜೂನ್ ತಿಂಗಳಲ್ಲಿ ಮಳೆ ಎಂದಿನಂತೆ ಬರುತ್ತದೆ, ಶಾಲೆಗಳು ತೆರೆಯುತ್ತವೆ, ಆಟಗಾರರ ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿಯು ಕ್ರೀಡಾ ಕಚೇರಿಗೆ ಹೋಗುವ ಮೊದಲು ಆರೋಗ್ಯಕೇಂದ್ರಕ್ಕೆ ಹೋಗಿಬಂದಿದೆಯೆ ಎಂದು ಪ್ರತಿಯೊಬ್ಬ ಪೋಷಕನೂ ಶಾಲೆಯಲ್ಲಿ ಕೇಳಲಿ. ಕೇಳುವವರಿದ್ದ ಕಡೆ ಮಾಡುವವರು ಹುಟ್ಟಿಕೊಳ್ಳುತ್ತಾರೆ.